ಒಂದನೇ ತರಗತಿಗೆ ‘ಎಲೆಯ ದಿನ’ – ಯೋಜಿಸುವುದು ಹೇಗೆ?

ಪ್ರಶ್ನೆ – ತೀರ್ಥಹಳ್ಳಿ ಕಡೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ) ತರಗತಿ ನಡೆಸುತ್ತಿದ್ದೇನೆ. ಒಂದರಿಂದ ಮೂರನೇ ತರಗತಿಯವರೆಗಿನ 17 ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಂದನೇ ತರಗತಿಯವರು ಆರು ಮಂದಿ. ಜನವರಿಯಲ್ಲಿ ಒಂದು ದಿನವನ್ನು ಪೂರ್ತಿಯಾಗಿ ಒಂದೇ ವಿಷಯಕ್ಕೆ ಮೀಸಲಿಟ್ಟು, ಭಾಷೆ, ಗಣಿತ, ಪರಿಸರ ಎಲ್ಲವನ್ನೂ ಅದರ ಸುತ್ತಲೇ ಕಲಿಸಬೇಕೆಂಬ ಆಸೆ ಇದೆ. ವಿಷಯವಾಗಿ ‘ಎಲೆ’ಯನ್ನು ಆರಿಸಿಕೊಂಡಿದ್ದೇನೆ.

ಕಳೆದ ವರ್ಷ ‘ಹಣ್ಣಿನ ದಿನ’ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ ಹಣ್ಣುಗಳ ಚಾರ್ಟ್ ತೂಗುಹಾಕಿ, ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಹಣ್ಣು ತರಬೇಕೆಂದು ಹೇಳಿ ಕಳಿಸಿದ್ದೆ. ಚಾರ್ಟಿನ ಮೊದಲ ಚಿತ್ರ ಸೇಬು. ಮರುದಿನ ಬಂದವುಗಳಲ್ಲಿ ಹೆಚ್ಚಿನವು ಅಪ್ಪಂದಿರು ಸಂಜೆ ಪೇಟೆಗೆ ಹೋಗಿ ಕೊಂಡುತಂದ ಸೇಬುಗಳೇ. ಮನೆಯಂಗಳದಲ್ಲಿ ಪೇರಳೆ ಮರವಿರುವ ಹುಡುಗಿಯೊಬ್ಬಳು ಬರಿಗೈಯಲ್ಲಿ ಬಂದಳು. ಯಾಕೆಂದು ಕೇಳಿದರೆ, ‘ನಮ್ಮನೆ ಹಣ್ಣು ಅದ್ರಲ್ಲಿ ಇಲ್ಲ ಟೀಚರ್’ ಎಂದು ಚಾರ್ಟ್ ತೋರಿಸಿದಳು. ಆಮೇಲೆ ಹೆಚ್ಚಿದೆವು, ತಿಂದೆವು, ಬಣ್ಣದ ಕಾಗದದಲ್ಲಿ ಎಲ್ಲರೂ ಒಂದೇ ಅಚ್ಚಿನ ಮಾವಿನಹಣ್ಣು ಕತ್ತರಿಸಿ ಅಂಟಿಸಿದೆವು, ಫೋಟೋ ತೆಗೆದೆವು. ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿಯೊಬ್ಬರು, ‘ಇವತ್ತು ಏನು ಕಲಿಸಿದಿರಿ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಈ ಸಲದ ಯೋಜನೆ ಹೀಗಿದೆ: ಬೆಳಿಗ್ಗೆ ಹಾಲು ಕುಡಿದ ಮೇಲೆ ಮಕ್ಕಳನ್ನು ಶಾಲೆಯ ಹಿಂದಿನ ಕಾನಿಗೆ (ದಟ್ಟ ಕಾಡಿಗೆ) ಒಂದು ಗಂಟೆ ಕರೆದೊಯ್ದು, ಹಸಿ ಎಲೆ, ತರಗೆಲೆ ಎರಡನ್ನೂ ಚೀಲ ತುಂಬ ಆರಿಸಿಕೊಂಡು ಬರುವುದು, ಬಳಿಕ ವಿಂಗಡಿಸುವುದು, ಎಣಿಸುವುದು, ಅಂಟಿಸುವುದು, ಹೆಸರು ಬರೆಯುವುದು. ನನ್ನ ಸಂದೇಹಗಳು ಮೂರು. ತಿಂಗಳ ಮೂರನೇ ಶನಿವಾರದ ಬ್ಯಾಗ್ ರಹಿತ ದಿನ ಅರ್ಧ ದಿನದಲ್ಲಿ ಮುಗಿಯುತ್ತದೆ; ಅದರಲ್ಲೇ ಮಾಡಬಹುದೇ, ಅಥವಾ ವಾರದ ನಡುವಿನ ಪೂರ್ಣ ದಿನವೇ ಬೇಕೇ? ಎರಡು, ಮೂರನೇ ತರಗತಿಯ ಮಕ್ಕಳನ್ನು ಆ ಹೊತ್ತಿನಲ್ಲಿ ಏನು ಮಾಡುವುದು? ಮತ್ತು ಆ ತಾಯಿಯ ಪ್ರಶ್ನೆಗೆ ಉತ್ತರ ಸಿಗುವಂತೆ ದಿನವನ್ನು ಹೇಗೆ ಕಟ್ಟುವುದು?

ಉತ್ತರ 1 – ನಲಿಕಲಿ ಶಿಕ್ಷಕಿ, ಹೊಸನಗರ

ಮೇಡಂ, ನಿಮ್ಮ ಸೇಬಿನ ಕಥೆ ಓದಿ ನಕ್ಕೆ. ನನ್ನ ತರಗತಿಯ ‘ವಾಹನಗಳ ದಿನ’ಕ್ಕೆ ಬಂದ ರೈಲುಗಳು ನೆನಪಾದವು, ಆ ಮಕ್ಕಳಲ್ಲಿ ಒಬ್ಬರೂ ಆವರೆಗೆ ರೈಲು ಹತ್ತಿರಲಿಲ್ಲ. ಎಲೆಯನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಅದನ್ನು ಯಾರೂ ಕೊಳ್ಳಬೇಕಾಗಿಲ್ಲ. ಈ ದಿನವನ್ನು ನಾನು ಎರಡು ಸಲ ಮಾಡಿದ್ದೇನೆ. ಕೆಲಸಕ್ಕೆ ಬಂದದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ಒಂದು ಮಾತು: ಆರು ವರ್ಷದ ಮಗುವಿಗೆ ಒಂದು ದಿನಕ್ಕೆ ಮೂರು ಕೆಲಸ ಸಾಕು. ನಾವು ಯೋಜನೆ ಬರೆಯುವಾಗ ಹನ್ನೊಂದು ಚಟುವಟಿಕೆಗಳು ಬಂದುಬಿಡುತ್ತವೆ, ಕೊನೆಗೆ ಒಂದೂ ಪೂರ್ತಿಯಾಗುವುದಿಲ್ಲ. ಅಂಟಿಸುವ ಕೆಲಸವನ್ನಂತೂ ಪೂರ್ತಿ ಬಿಟ್ಟುಬಿಡಿ. ಗೋಂದು ಹಚ್ಚುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ, ಕಲಿಯುವುದು ಏನೂ ಇರುವುದಿಲ್ಲ.

ನಾನು ವಿಂಗಡಣೆಯಿಂದ ಶುರುಮಾಡುತ್ತೇನೆ. ಎಲೆಗಳನ್ನು ನೆಲದ ಮೇಲೆ ಗುಡ್ಡೆ ಹಾಕಿ, ‘ಜೊತೆಗೆ ಇರಬೇಕಾದವುಗಳನ್ನು ಜೊತೆಗೆ ಇಡಿ’ ಎಂದಷ್ಟೇ ಹೇಳುತ್ತೇನೆ. ಬಣ್ಣದ ಪ್ರಕಾರವೋ ಗಾತ್ರದ ಪ್ರಕಾರವೋ ಎಂದು ಹೇಳುವುದಿಲ್ಲ. ಮೊದಲ ಸಲ ಹೀಗೆ ಬಿಟ್ಟಾಗ ಇಬ್ಬರು ಮಕ್ಕಳು ದೊಡ್ಡದು ಚಿಕ್ಕದು ಎಂದು ಬೇರ್ಪಡಿಸಿದರು, ಒಬ್ಬಳು ದನ ತಿನ್ನುವುದು ಮತ್ತು ದನ ತಿನ್ನದೇ ಇರುವುದು ಎಂದು ಎರಡು ಗುಡ್ಡೆ ಮಾಡಿದಳು. ಆ ಎರಡನೆಯ ವಿಂಗಡಣೆ ನನ್ನ ತಲೆಗೆ ಎಂದೂ ಹೊಳೆಯುತ್ತಿರಲಿಲ್ಲ. ಪ್ರತಿ ಮಗುವೂ ತನ್ನ ಗುಡ್ಡೆಯ ಗುಟ್ಟನ್ನು ಬಾಯಿಬಿಟ್ಟು ಹೇಳಬೇಕು, ಉಳಿದವರು ‘ಇದು ಇಲ್ಲಿ ಬರಲ್ಲ’ ಎಂದು ಜಗಳ ತೆಗೆಯಬೇಕು. ನಿಮ್ಮ ಭಾಷಾ ಅವಧಿ ಅಲ್ಲಿಯೇ ನಡೆದುಹೋಗುತ್ತದೆ.

ಮಾತಿನ ನಡುವೆ ಪದಗಳು ತಾವಾಗಿಯೇ ಬರುತ್ತವೆ. ನಮ್ಮ ಕಡೆ ಎಲ್ಲವನ್ನೂ ‘ಎಲೆ’ ಎನ್ನುವುದಿಲ್ಲವಲ್ಲ! ತೆಂಗಿನದು ಗರಿ, ಅಡಿಕೆಯದು ಸೋಗೆ, ಸೋಗೆಯ ಬುಡದಲ್ಲಿರುವುದು ಹಾಳೆ, ಸಾರಿಗೆ ಹಾಕಿದರೆ ಸೊಪ್ಪು, ಆಗ ತಾನೇ ಹುಟ್ಟಿದರೆ ಚಿಗುರು, ಬಳ್ಳಿಯ ತುದಿಯದು ಕುಡಿ, ಉದುರಿ ಒಣಗಿದರೆ ತರಗೆಲೆ. ‘ತೆಂಗಿನ ಎಲೆ ತಾ’ ಎಂದು ಹೇಳಿ ನೋಡಿ, ಮಕ್ಕಳು ನಗುತ್ತಾರೆ. ತಿದ್ದುವ ಸಂತೋಷ ಅವರಿಗೇ ಸಿಗಲಿ.

ಗಣಿತಕ್ಕೆ ಎರಡು ಕೆಲಸ. ಒಂದೆಲಗ, ಮಂದಾರ, ಬಿಲ್ವ, ಲಕ್ಕಿ ಈ ನಾಲ್ಕನ್ನು ತಂದಿಟ್ಟುಕೊಳ್ಳಿ. ಒಂದೆಲಗ ಒಂದು, ಮಂದಾರದ ಎಲೆ ದನದ ಗೊರಸಿನಂತೆ ಎರಡು ಸೀಳು, ಬಿಲ್ವ ಮೂರು ದಳ, ಲಕ್ಕಿಯಲ್ಲಿ ಐದು ಇರುವುದನ್ನು ಆರಿಸಿಕೊಳ್ಳಬೇಕು, ಮೂರು ಇರುವುದೂ ಉಂಟು. ಸಂಖ್ಯಾಕಾರ್ಡುಗಳನ್ನು ಸಾಲಾಗಿ ಇಟ್ಟು, ಪ್ರತಿ ಸಂಖ್ಯೆಯ ಕೆಳಗೆ ತಕ್ಕ ಎಲೆ ಇಡಲು ಹೇಳಿದೆ. ನಾಲ್ಕರ ಕೆಳಗೆ ಇಡಲು ನಮಗೆ ಎಲೆಯೇ ಸಿಗಲಿಲ್ಲ. ನಾನು ಆ ಕಾರ್ಡನ್ನು ತೆಗೆದುಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ಎರಡು ಮಂದಾರದ ಎಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಸುಮ್ಮನೆ ಕೈಕಟ್ಟಿ ಕುಳಿತ. ಕೂಡುವ ಲೆಕ್ಕವನ್ನು ಅವನಿಗೆ ನಾನು ಅದಕ್ಕಿಂತ ಚೆನ್ನಾಗಿ ಹೇಳಿಕೊಟ್ಟಿಲ್ಲ.

ಎರಡನೆಯದು ಅಳತೆ. ಒಂದು ಉದ್ದನೆಯ ಅಡಿಕೆ ಸೋಗೆಯನ್ನು ಕೋಣೆಯ ನಡುವೆ ಹಾಕಿ, ಪ್ರತಿಯೊಬ್ಬರೂ ಗೇಣು ಹಾಕಿ ಅಳೆಯಬೇಕು. ಮಕ್ಕಳಿಗೆ 15, 16 ಗೇಣು ಬಂತು, ನನಗೆ 10. ‘ಟೀಚರ್ ಅಳೆದ್ರೆ ಸೋಗೆ ಗಿಡ್ಡ ಆಗ್ತದೆ’ ಎಂದು ಒಬ್ಬಳು ತೀರ್ಮಾನಿಸಿದಳು. ಆ ತೀರ್ಮಾನವನ್ನು ಅವಸರದಿಂದ ತಿದ್ದಬೇಡಿ. ಅವಳ ಅಂಗೈಯ ಮೇಲೆ ನಿಮ್ಮ ಅಂಗೈ ಇಟ್ಟು ತೋರಿಸಿ, ಉಳಿದದ್ದನ್ನು ಅವಳೇ ಹೇಳುತ್ತಾಳೆ.

ಕೊನೆಗೆ ಉಜ್ಜುಚಿತ್ರ. ಎಲೆಯ ನರ ಉಬ್ಬಿರುವ ಬೆನ್ನಿನ ಭಾಗ ಮೇಲಾಗಿರಲಿ, ಅದರ ಮೇಲೆ ತೆಳುವಾದ ಕಾಗದ, ಬಣ್ಣದ ಕಡ್ಡಿಯನ್ನು ಮಲಗಿಸಿ ಉಜ್ಜಬೇಕು. ನಿಲ್ಲಿಸಿ ಒತ್ತಿದರೆ ಕಾಗದ ಹರಿಯುತ್ತದೆ, ಮಗು ಅಳುತ್ತದೆ. ಮಾವು, ಹಲಸು ಚೆನ್ನಾಗಿ ಮೂಡುತ್ತವೆ. ಬಣ್ಣದ ಕಡ್ಡಿ ಮುಗಿದಿದ್ದರೆ ಸಾಗುವಾನಿಯ ಎಳೆ ಎಲೆಯನ್ನು ಅಂಗೈಯಲ್ಲಿ ತಿಕ್ಕಲು ಕೊಡಿ, ಕೆಂಪು ಬಣ್ಣ ಬಿಡುತ್ತದೆ. ಅಂಗಿಗೆ ಒರೆಸಿಕೊಳ್ಳದಂತೆ ನೋಡಿಕೊಳ್ಳುವ ಹೊಣೆ ಮಾತ್ರ ನಿಮ್ಮದು.

ಶನಿವಾರದ ಅರ್ಧ ದಿನವೇ ಸಾಕು. ಮೂರನೇ ತರಗತಿಯವರು ಚಿಕ್ಕವರು ಹೇಳಿದ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಡಲಿ, ಎರಡನೆಯವರು ಗೇಣಿನ ಲೆಕ್ಕವನ್ನು ಕೆಳಹಂತದ ಕಪ್ಪು ಹಲಗೆಯಲ್ಲಿ ಗುರುತು ಹಾಕಲಿ. ಸಹಪಾಠಿಗಳ ಬೆಂಬಲದ ಗುಂಪುಗಳು ನಮ್ಮಲ್ಲಿ ಹೇಗೂ ಇವೆ. ತಾಯಂದಿರ ಪ್ರಶ್ನೆಗೆ ಉತ್ತರವಾಗಿ ನಾನು ಮಗುವಿನ ಕೈಯಲ್ಲಿ ಒಂದೇ ಒಂದು ಚೀಟಿ ಕಳಿಸಿದ್ದೆ: ‘ಮನೆಯ ಬಾಗಿಲಿನ ಅಗಲ ಎಷ್ಟು ಗೇಣು ಎಂದು ನಿಮ್ಮ ಮಗುವನ್ನು ಕೇಳಿ.’

ಉತ್ತರ 2 – ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವನು, ಸಾಗರ

ನಾನು ಶಿಕ್ಷಕನಲ್ಲ, ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಳೆಂಬ ಕಾರಣಕ್ಕೆ ಇಲ್ಲಿ ಓದುತ್ತಿರುತ್ತೇನೆ. ಪ್ರಶ್ನೆ ಕೇಳಿದ ಮೇಡಂ ಅವರಲ್ಲಿ ಒಂದು ವಿನಂತಿ: ಜನವರಿಯಲ್ಲಿ ಮಕ್ಕಳನ್ನು ಕಾನಿಗೆ ಕರೆದೊಯ್ದು ತರಗೆಲೆ ಆರಿಸುವ ಯೋಜನೆಯನ್ನು ದಯವಿಟ್ಟು ಕೈಬಿಡಿ.

ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹೆಚ್ಚಾಗಿ ಸೋಂಕು ತಗುಲಿದ ಉಣುಗು (ಉಣ್ಣೆ) ಕಚ್ಚುವುದರಿಂದ ಬರುತ್ತದೆ. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ, ಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ, ಎಳ್ಳಿನ ಕಾಳಿನಷ್ಟು ಸಣ್ಣದಿರುವ ಎಳೆಯ ಉಣುಗುಗಳು ಕಾಡಿನ ನೆಲದ ಒಣ ಎಲೆಗಳಲ್ಲಿ ತುಂಬಿರುತ್ತವೆ. ಕೊಟ್ಟಿಗೆಗೆ ಹಾಸಲು ದರಗು (ಒಣ ಎಲೆ) ಗುಡಿಸಿ ತರುವವರು, ಸೌದೆಗೆ ಹೋಗುವವರು, ದನ ಮೇಯಿಸುವವರು ಹೆಚ್ಚಾಗಿ ಈ ಕಾಯಿಲೆಗೆ ಸಿಕ್ಕುವುದು ಇದೇ ಕಾರಣಕ್ಕೆ. ಮಕ್ಕಳು ತರಗೆಲೆಯ ನಡುವೆ ಮಂಡಿಯೂರಿ ಕುಳಿತು ಎರಡೂ ಕೈಗಳಿಂದ ಬಾಚುತ್ತಾರೆ, ಚೀಲ ತುಂಬಿಸಿ ತಬ್ಬಿಕೊಂಡು ಬರುತ್ತಾರೆ, ಆಮೇಲೆ ಅದನ್ನೇ ತರಗತಿಯ ನೆಲದ ಮೇಲೆ ಸುರಿಯುತ್ತಾರೆ. ಹೆದರಿಸುವುದಕ್ಕೆ ಹೇಳುತ್ತಿಲ್ಲ; ಎಲೆ ಶಾಲೆಯಂಗಳದ ಗಿಡದಿಂದ, ಮನೆಯ ಹಿತ್ತಲಿನಿಂದ, ಹಸಿಯಾಗಿ ಕೊಯ್ದದ್ದೇ ಬರಲಿ. ಕಾನಿಗೇ ಹೋಗಬೇಕೆಂದಿದ್ದರೆ ಮಳೆಗಾಲದಲ್ಲಿ ಹೋಗಿ, ಆಗ ಇಂಬಳದ (ಜಿಗಣೆಯ) ಕಾಟ ಮಾತ್ರ.

ಕಾಡಂಚಿನ ಮನೆಗಳಿಂದ ಬರುವ ಮಕ್ಕಳಿದ್ದರೆ, ಮೈತುಂಬ ಬಟ್ಟೆ ಹಾಕುವುದು, ಕಾಡಿಗೆ ಹೋಗಿಬಂದವರು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು, ಸತ್ತ ಮಂಗ ಕಂಡರೆ ಮುಟ್ಟದೆ ದೊಡ್ಡವರಿಗೆ ಹೇಳುವುದು, ಇಷ್ಟನ್ನು ಅದೇ ದಿನ ಮಾತಿನ ನಡುವೆ ಹೇಳಬಹುದು. ಇನ್ನೊಂದು: ಎಕ್ಕ, ಕಣಗಿಲೆ, ಉಮ್ಮತ್ತಿಯ ಎಲೆಗಳು ಗುಡ್ಡೆಯಲ್ಲಿ ಸೇರದಂತೆ ನೀವೇ ಒಮ್ಮೆ ಕೈಯಾಡಿಸಿ ನೋಡಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ತೋರಿಸುವ ಆಸೆ ಯಾರಿಗಾದರೂ ಬರುತ್ತದೆ, ಅದನ್ನು ಹಿಡಿದುಕೊಳ್ಳುವ ಕೈ ನಿಮ್ಮದೇ ಆಗಿರಲಿ, ಮಕ್ಕಳಿಗೆ ತುರಿಸುತ್ತದೆ.

ಉತ್ತರ 1ರ ಶಿಕ್ಷಕಿ, ಮತ್ತೆ

ಸಾರ್ ಹೇಳಿದ್ದು ಸರಿ. ನಾನು ಎರಡು ಸಲವೂ ಆಗಸ್ಟಿನಲ್ಲಿ ಮಾಡಿದ್ದರಿಂದ ಈ ಮಾತು ನನಗೆ ಹೊಳೆಯಲೇ ಇಲ್ಲ. ಮೇಲಿನ ಪಟ್ಟಿಯಿಂದ ತರಗೆಲೆಯನ್ನು ತೆಗೆದುಹಾಕಿಕೊಳ್ಳಿ.

ಉತ್ತರ 3 – ನಿವೃತ್ತ ಮುಖ್ಯಶಿಕ್ಷಕ, ಶಿವಮೊಗ್ಗ

ವಿಶೇಷ ದಿನಗಳ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಸೇವಾವಧಿಯ ಕೊನೆಯ ವರ್ಷಗಳಲ್ಲಿ ನೋಡಿದ ಇಂಥ ದಿನಗಳಲ್ಲಿ ಬಹಳಷ್ಟು ವಾಟ್ಸ್ಆ್ಯಪ್ ಗುಂಪಿಗೆ ಫೋಟೋ ಹಾಕುವುದಕ್ಕಾಗಿಯೇ ನಡೆದವು. ಮಕ್ಕಳು ತಲೆಗೆ ಕಾಗದದ ಕಿರೀಟ ಕಟ್ಟಿಕೊಂಡು ಸಾಲಾಗಿ ನಿಂತರೆ ದಿನ ಮುಗಿಯಿತು. ಆದರೂ ಇಲ್ಲಿ ಬಂದಿರುವ ಮಂದಾರದ ಎಲೆಯ ಮತ್ತು ಗೇಣಿನ ಕೆಲಸಗಳಿಗೆ ನನ್ನ ತಕರಾರಿಲ್ಲ. ನನ್ನ ತಕರಾರು ಓದಿನ ಭಾಗಕ್ಕೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿಕಲಿ ಆರಂಭವಾದಾಗ, ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ತಮ್ಮ ಕಾರ್ಡುಗಳನ್ನು ತಾವೇ ತಯಾರಿಸಿಕೊಂಡರು. ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಹೋಗದೆ ರ, ಗ, ಸ, ದ, ಅ ಎಂದು ಆರಂಭಿಸಿದ್ದಕ್ಕೆ ಅರ್ಥವಿದೆ: ಬರೆಯಲು ಸುಲಭವಾದ, ಕೂಡಿಸಿದೊಡನೆ ಪದವಾಗುವ ಅಕ್ಷರಗಳು ಅವು. ಐದೇ ಅಕ್ಷರ ಕಲಿತ ಮಗು ‘ಗರಗಸ’ ಎಂದು ಓದಬಲ್ಲದು. ಅಂಥ ಮಗುವಿನ ಮುಂದೆ ‘ಸೊಪ್ಪು’, ‘ತೊಟ್ಟು’, ‘ಒಂದೆಲಗ’ ಎಂಬ ಚೀಟಿಗಳನ್ನು ಹಿಡಿದರೆ ಅದು ಓದುವುದಿಲ್ಲ, ಚಿತ್ರದಂತೆ ನೋಡಿ ಊಹಿಸುತ್ತದೆ. ಒತ್ತಕ್ಷರ ಇನ್ನೂ ಅದರ ಹತ್ತಿರಕ್ಕೂ ಬಂದಿರುವುದಿಲ್ಲ. ಊಹೆಯನ್ನೇ ಓದು ಎಂದುಕೊಂಡು ನಾವು ಸಂತೋಷಪಡುತ್ತೇವೆ.

ಆದ್ದರಿಂದ ನಿಮ್ಮ ಆರು ಮಕ್ಕಳು ಪ್ರಗತಿ ಏಣಿಯ (ನಲಿಕಲಿಯ ಕಲಿಕೆಯ ಹಂತಗಳ ಪಟ್ಟಿಯ) ಯಾವ ಯಾವ ಮೈಲಿಗಲ್ಲಿನಲ್ಲಿದ್ದಾರೆ ಎಂದು ಹಿಂದಿನ ದಿನವೇ ನೋಡಿಕೊಂಡು, ಅವರವರಿಗೆ ತಕ್ಕ ಪದ ಕೊಡಿ. ರ ಗ ಸ ದ ಅ, ಜ ವ ಮ ಬ ನ ಇಷ್ಟರಲ್ಲೇ ಇರುವ ಮಗುವಿಗೆ ‘ಮರ’, ‘ಬನ’, ‘ವನ’ ಸಿಗುತ್ತವೆ, ಎಲೆಯ ದಿನಕ್ಕೆ ಅವು ಹೊರಗಿನವಲ್ಲ. ಗುಣಿತಾಕ್ಷರ ಬಂದ ಮಗುವಿಗೆ ‘ಗರಿ’, ‘ಸೋಗೆ’, ‘ಹಾಳೆ’, ‘ಚಿಗುರು’. ‘ಸೊಪ್ಪು’ ಎರಡನೇ ತರಗತಿಯವರಿಗೆ ಇರಲಿ. ಬಾಯಿಮಾತಿನಲ್ಲಿ ಯಾವ ಪದವಾದರೂ ಬರಲಿ, ಅಲ್ಲಿ ಲೆಕ್ಕ ಬೇಡ; ಬರೆದು ಮುಂದಿಡುವಾಗ ಮಾತ್ರ ಲೆಕ್ಕವಿರಬೇಕು.

ಮನೆಮಾತು ಬೇರೆಯಾಗಿರುವ ಮಕ್ಕಳಿದ್ದರೆ ಅವರ ಮಾತಿನ ಹೆಸರನ್ನೂ ಕೇಳಿ. ಶಿಕಾರಿಪುರದ ಕಡೆಯ ತಾಂಡಾ ಶಾಲೆಯೊಂದರಲ್ಲಿ ನಾನಿದ್ದಾಗ, ವರ್ಷದ ಅರ್ಧ ಭಾಗ ಬಾಯಿಯನ್ನೇ ತೆರೆಯದಿದ್ದ ಹುಡುಗಿ, ಗಿಡವೊಂದಕ್ಕೆ ಲಂಬಾಣಿಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದ ದಿನ ಮೊದಲ ಸಲ ಇಡೀ ತರಗತಿಗೆ ಕೇಳುವಂತೆ ಮಾತಾಡಿದಳು.

ಪ್ರಶ್ನೆ ಕೇಳಿದ ಶಿಕ್ಷಕಿ, ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಕಾನಿಗೆ ಹೋಗಲಿಲ್ಲ. ಹಿತ್ತಲಿನಿಂದ ಒಬ್ಬೊಬ್ಬರು ಮೂರು ಹಸಿ ಎಲೆ ತರಬೇಕೆಂದು ಹೇಳಿ, ಈ ಸಲ ಚಾರ್ಟ್ ಹಾಕದೆ ಮೂರನೇ ಶನಿವಾರ ಮಾಡಿದೆ. ಪೇರಳೆ ಮರದ ಹುಡುಗಿ ಈಗ ಎರಡನೇ ತರಗತಿಯಲ್ಲಿದ್ದಾಳೆ. ಮೊದಲು ಬಂದವಳು ಅವಳೇ, ತಂದದ್ದು ಮೂರೂ ಪೇರಳೆಯ ಎಲೆಗಳೇ.

ಎಲ್ಲವೂ ನೆಟ್ಟಗೆ ನಡೆಯಿತೆಂದು ಹೇಳಲಾರೆ. ವಿಂಗಡಣೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆಂದು ಭಾವಿಸಿದ್ದೆ, ಒಂದು ಗಂಟೆ ದಾಟಿತು, ಏಕೆಂದರೆ ವೀಳ್ಯದೆಲೆಯನ್ನು ‘ತಿನ್ನುವ’ ಗುಡ್ಡೆಗೆ ಹಾಕಬೇಕೋ ‘ಉಗುಳುವ’ ಗುಡ್ಡೆಗೆ ಹಾಕಬೇಕೋ ಎಂಬ ವಾದ ತೀರಲಿಲ್ಲ. ಉಜ್ಜುಚಿತ್ರಕ್ಕೆ ಸಮಯ ಉಳಿಯಲಿಲ್ಲ, ಸೋಮವಾರ ಮಾಡಿದೆವು. ಸೋಗೆ ನಮ್ಮಲ್ಲಿ ಮಕ್ಕಳಿಗೆ 14 ಗೇಣು, ನನಗೆ 9. ಆರರಲ್ಲಿ ಇಬ್ಬರು ಇನ್ನೂ ‘ಮರ’, ‘ಬನ’ದ ಹಂತದಲ್ಲಿದ್ದಾರೆಂಬುದು ಹಿಂದಿನ ದಿನ ಏಣಿ ನೋಡಿದಾಗಲೇ ನನಗೆ ಸರಿಯಾಗಿ ಗೊತ್ತಾದದ್ದು, ಅವರನ್ನೂ ಉಳಿದವರೊಂದಿಗೆ ಸೇರಿಸಿ ಓದಿಸುತ್ತಿದ್ದೆನೆಂದು ಈಗ ಬೇಸರವಾಗುತ್ತಿದೆ.

ಒಂದು ಪ್ರಶ್ನೆ ಉಳಿದಿದೆ. ನಮಗೂ ನಾಲ್ಕರ ಎಲೆ ಸಿಗಲಿಲ್ಲ. ಎರಡು ಮಂದಾರ ಇಡುವ ಉಪಾಯವನ್ನು ನಾನು ಹೇಳಿಕೊಡದೆ, ಕಾರ್ಡಿನ ಕೆಳಗೆ ಜಾಗ ಖಾಲಿ ಬಿಟ್ಟಿದ್ದೆ. ಸೋಮವಾರ ಒಬ್ಬ ಹುಡುಗ ಅಜ್ಜನ ಜೊತೆ ಕೆರೆಯ ಅಂಚಿಗೆ ಹೋದಾಗ ಕೆಸರಿನಲ್ಲಿ ಸಿಕ್ಕಿತೆಂದು ಒಂದು ಸೊಪ್ಪನ್ನು ತಂದಿದ್ದಾನೆ: ನೂಲಿನಂಥ ಉದ್ದ ತೊಟ್ಟು, ತುದಿಯಲ್ಲಿ ಕೂಡಿಸುವ ಚಿಹ್ನೆಯಂತೆ ಸರಿಯಾಗಿ ನಾಲ್ಕು ದಳ. ತರಗತಿಯಲ್ಲಿ ದೊಡ್ಡ ಗದ್ದಲವಾಯಿತು. ಇದರ ಹೆಸರೇನು, ಇದರ ಹೂ ಹೇಗಿರುತ್ತದೆ ಎಂದು ಮಕ್ಕಳು ಕೇಳುತ್ತಿದ್ದಾರೆ.

ನಿವೃತ್ತ ಮುಖ್ಯಶಿಕ್ಷಕ, ಶಿವಮೊಗ್ಗ

ನೀವು ವರ್ಣಿಸಿದ ಪ್ರಕಾರ ಅದು ಮಾರ್ಸೀಲಿಯ. ಗದ್ದೆಯಲ್ಲಿ, ಕೆರೆಯಂಚಿನಲ್ಲಿ ಬೆಳೆಯುತ್ತದೆ. ಅದು ಜರೀಗಿಡದ ಬಳಗಕ್ಕೆ ಸೇರಿದ್ದು, ಆದ್ದರಿಂದ ಹೂ ಬಿಡುವುದೇ ಇಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಬೇಡಿ, ಒಂದು ವಾರ ಹುಡುಕಲಿ. ನೀರಿನಿಂದ ಮೇಲೆದ್ದ ದಳಗಳು ಕತ್ತಲಾದ ಮೇಲೆ ಮಡಿಸಿಕೊಳ್ಳುತ್ತವೆ. ಅಜ್ಜ ಸಂಜೆ ಕೆರೆಯ ಕಡೆ ಹೋಗುವವರಾದರೆ, ಆ ಹುಡುಗ ಒಂದು ದಿನ ಅವರ ಕೈ ಹಿಡಿದು ಹೊತ್ತು ಮುಳುಗುವ ಸಮಯಕ್ಕೆ ಹೋಗಿ, ನಾಲ್ಕು ದಳ ಏನಾಯಿತೆಂದು ನೋಡಿಬಂದು ತರಗತಿಗೆ ಹೇಳಲಿ.